ನೋಂದಣಿ ಪತ್ರವೊಂದೇ ಸಾಲದು

ಟೆಕ್ಸಾಸ್‌ನಲ್ಲಿ ಹಳೆಯ ಸೆಸ್ನಾ 172 ಎಂಬ ಸಣ್ಣ ವಿಮಾನ ಕೊಳ್ಳಲು ಹೊರಟಿರುವ ತಾವು, ಮಾರುವವರು ತೋರಿಸಿದ ನೋಂದಣಿ ಪತ್ರವೇ ಒಡೆತನಕ್ಕೆ ಸಾಕ್ಷಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಆ ಪತ್ರವು ವಿಮಾನದ ರಾಷ್ಟ್ರೀಯತೆಯನ್ನು ಹೇಳುತ್ತದೆಯೇ ಹೊರತು ಮಾಲೀಕತ್ವವನ್ನು ಸಾಬೀತುಪಡಿಸುವುದಿಲ್ಲ. ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನೋಂದಣಿ ಕಚೇರಿಯ ದಾಖಲೆಗಳಲ್ಲಿ ಕ್ರಯಪತ್ರಗಳ ಸರಪಳಿ ಎಲ್ಲಿಯೂ ತುಂಡಾಗಿಲ್ಲವೆಂದೂ, ಹಿಂದಿನ ಬ್ಯಾಂಕ್ ಸಾಲ ತೀರಿದ್ದರೆ ಅದರ ಬಿಡುಗಡೆ ಪತ್ರವೂ ದಾಖಲಾಗಿದೆಯೆಂದೂ ಟೈಟಲ್ ಸರ್ಚ್ (ಒಡೆತನದ ದಾಖಲೆಗಳ ಪರಿಶೀಲನೆ) ಮಾಡುವವರಿಂದ ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಿ. ಊರಿನಲ್ಲಿ ಸೈಟು ಕೊಳ್ಳುವ ಮುನ್ನ ಇಸಿ ತೆಗೆಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ವಿಮಾನದ ಮೈಗೆ ಜಡಿದಿರುವ ಲೋಹದ ಫಲಕದಲ್ಲಿನ ಕ್ರಮಸಂಖ್ಯೆಯನ್ನು ಕ್ರಯಪತ್ರದೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ ನೋಡಿ. ಮಾರುವವರ ಹೆಸರಿನ ಒಂದು ಇನಿಶಿಯಲ್ ವ್ಯತ್ಯಾಸವಾದರೂ ತಮ್ಮ ನೋಂದಣಿ ಅರ್ಜಿ ಹಿಂದಿರುಗಬಹುದು. ಅಂದಹಾಗೆ, ತಾವಿನ್ನೂ ಎಚ್‌-1ಬಿ ವೀಸಾದಲ್ಲಿದ್ದರೆ ಸ್ವಂತ ಹೆಸರಿನಲ್ಲಿ ನೋಂದಾಯಿಸಲು ಬರುವುದಿಲ್ಲ, ಅದಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು.