ಹುಲಿ ಯಾಕೆ ಏಳಲಿಲ್ಲ?

ಓದುಗರ ಪತ್ರ: ಏಪ್ರಿಲ್ ರಜೆಯಲ್ಲಿ ಗುಬ್ಬಿಯಿಂದ ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು ಮೈಸೂರಿನ ಮೃಗಾಲಯಕ್ಕೆ ಹೋಗಿದ್ದೆವು. ಎಂಟಕ್ಕೆ ಹೊರಟು ಹನ್ನೆರಡಕ್ಕೆ ಒಳಗೆ ಹೋದೆವು. ಸುಡು ಬಿಸಿಲು. ಹುಲಿ ಮಲಗಿದ್ದು ಏಳಲೇ ಇಲ್ಲ. ನಮ್ಮ ಭಾವ ಶಿಳ್ಳೆ ಹೊಡೆದರು, ಟವೆಲ್ ಬೀಸಿದರು. ಕಾವಲಿನವರು ಬಂದು ಅವರನ್ನೇ ಗದರಿದರು. ದುಡ್ಡು ಕೊಟ್ಟು ಅಷ್ಟು ದೂರ ಹೋದವರಿಗೆ ಒಂದು ಸಲ ಹುಲಿ ಎಬ್ಬಿಸಿ ತೋರಿಸಬಾರದೇ?
– ಓದುಗರೊಬ್ಬರು, ಗುಬ್ಬಿ

ಸಂಪಾದಕರ ಉತ್ತರ:

ನಮಸ್ಕಾರ ತಾಯಿ. ನಿಮ್ಮ ಭಾವನವರ ಟವೆಲ್ ಸಂಗತಿ ಓದಿ ಕಚೇರಿಯಲ್ಲಿ ಎಲ್ಲರೂ ಮನಸಾರೆ ನಕ್ಕೆವು. ಮಕ್ಕಳಿಗೆ ಹುಲಿ ನಡೆಯೋದನ್ನು ತೋರಿಸಬೇಕು ಅನ್ನೋ ಅವರ ಆಸೆಯೂ ಅರ್ಥವಾಯಿತು. ಆದರೂ ಎಬ್ಬಿಸಬಾರದು ತಾಯಿ.

ಹುಲಿ ಓಡಾಡೋದು ಹೆಚ್ಚಾಗಿ ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ. ಕಾಡಿನಲ್ಲೂ ಮಧ್ಯಾಹ್ನ ನೆರಳು ಹುಡುಕಿ ಮಲಗುತ್ತದೆ, ಇಲ್ಲ ನೀರಿನಲ್ಲಿ ಕೂರುತ್ತದೆ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗೋದು ಅದಕ್ಕೆ ಆಗೋಲ್ಲ. ಬೆವರೋದು ಅಂಗಾಲಿನಲ್ಲಿ ಮಾತ್ರ. ಸುಮ್ನೆ ಬಿದ್ದುಕೊಂಡಿರೋದು, ಏದುಸಿರು ಬಿಡೋದು, ಇವೇ ಅದರ ಉಪಾಯ.

ಬಿಸಿಲು ಏರಿದಷ್ಟೂ ನೋಡುವವರ ತಾಳ್ಮೆ ಇಳಿಯುತ್ತದೆ. ಮೊಸಳೆ ಕೊಳದ ಹತ್ತಿರ ನಾನೇ ಕಂಡದ್ದು ಇದು. ಮೊಸಳೆ ದಡದಲ್ಲಿ ಬಾಯಿ ತೆರೆದು ಮಲಗಿತ್ತು. ‘ಇದು ಸಿಮೆಂಟಿಂದು ಕಣೇ’ ಅಂದರು ಯಜಮಾನರು. ‘ಇಲ್ಲಾರೀ, ಹೊಟ್ಟೆ ಅಲ್ಲಾಡ್ತಿದೆ ನೋಡಿ’ ಅಂದರು ಹೆಂಡತಿ. ಜಗಳ ಬಗೆಹರಿಸಲು ಮಗ ಕೈಯಲ್ಲಿ ಕಲ್ಲು ಹಿಡಿದುಕೊಂಡ. ಹಿಂದಿದ್ದ ಅಜ್ಜಿ ಅವನ ಕೈ ಗಟ್ಟಿಯಾಗಿ ಹಿಡಿದರು. ‘ನಿಮ್ಮಪ್ಪನೂ ಬಸ್ಸಲ್ಲಿ ಸೆಕೆಗೆ ಹಿಂಗೇ ಬಾಯಿ ತೆಕ್ಕೊಂಡು ಮಲಗಿದ್ನಲ್ಲೋ, ಅವನಿಗೆ ಹೊಡೆದ್ಯಾ ಕಲ್ಲು?’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು, ಆ ಅಪ್ಪನೂ ನಕ್ಕ. ಕಲ್ಲು ಕೆಳಗೆ ಬಿತ್ತು. ಬಿಸಿಲಿನಲ್ಲಿ ಮೊಸಳೆ ಬಾಯಿ ತೆರೆಯೋದು ಹೆಚ್ಚಾಗಿ ಒಳಗಿನ ಕಾವು ಹೊರಹೋಗಲಿ ಅಂತ. ಅಜ್ಜಿಗೆ ನನ್ನ ದೊಡ್ಡ ನಮಸ್ಕಾರ.

ನೀರಾನೆ ಮುಂದೆ ನಿಂತು ‘ಅಯ್ಯೋ, ರಕ್ತ ಸೋರ್ತಿದೆ’ ಅಂತ ಗಾಬರಿಯಾಗುವವರೂ ಇದ್ದಾರೆ. ಅದು ರಕ್ತ ಅಲ್ಲ. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಲು ಮೈಯಿಂದ ಬರುವ ಕೆಂಪು ದ್ರವ. ಆನೆ ಕಿವಿ ಬೀಸೋದನ್ನು ನೋಡಿ ‘ನಮ್ಮನ್ನ ಕರೀತಿದೆ’ ಅಂತ ಮಕ್ಕಳು ಕುಣಿಯುತ್ತಾರೆ. ಕಿವಿಯ ತೆಳು ಚರ್ಮದಲ್ಲಿ ಹರಿಯುವ ರಕ್ತವನ್ನು ಅದು ತಣ್ಣಗೆ ಮಾಡಿಕೊಳ್ಳುತ್ತಿರುತ್ತದೆ. ಮಲಗಿದ ಹುಲಿಯ ಮುಂದೆ ಕಳೆದ ಹೊತ್ತನ್ನು ಇವಕ್ಕೆ ಕೊಟ್ಟಿದ್ದರೆ ನಿಮ್ಮ ಮಕ್ಕಳಿಗೆ ಆ ದಿನ ಎಷ್ಟೋ ಸಿಗುತ್ತಿತ್ತು.

ಕಾವಲಿನವರು ಗದರಿದ್ದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಪ್ರಕಾರ ಮೃಗಾಲಯದಲ್ಲಿ ಪ್ರಾಣಿಯನ್ನು ಕೆಣಕುವಂತಿಲ್ಲ, ಗದ್ದಲ ಮಾಡಿ ತೊಂದರೆ ಕೊಡುವಂತಿಲ್ಲ, ತಿಂಡಿ ಹಾಕುವಂತಿಲ್ಲ, ಕಸ ಎಸೆಯುವಂತಿಲ್ಲ. ಶಿಳ್ಳೆಯೂ ಇದರೊಳಗೇ ಬಂತು. ಕಡ್ಲೆಪುರಿ ಒಂದು ಹಿಡಿ ತಾನೇ ಅನ್ನಬೇಡಿ. ತಿಂಡಿಯ ವಾಸನೆಗೆ ಜಿಂಕೆ ಪ್ಲಾಸ್ಟಿಕ್ ಕವರನ್ನೂ ಸೇರಿಸಿ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕಟ್ಟಿಕೊಂಡರೆ ಜೀವಕ್ಕೇ ಕುತ್ತು. ನಮ್ಮ ದೇವರಾಯನದುರ್ಗದ ಕೋತಿಗಳು ಕೈಯಲ್ಲಿದ್ದ ಚೀಲಕ್ಕೇ ಹಾರುತ್ತವಲ್ಲ, ಆ ಚಾಳಿ ಕಲಿಸಿದವರು ತಿಂಡಿ ಹಾಕಿದ ನಾವೇ ಅಲ್ವಾ?

ಮೈಸೂರಿನ ಮೃಗಾಲಯ ಶುರುವಾಗಿದ್ದು 1892ರಲ್ಲಿ. ದೊಡ್ಡ ದೊಡ್ಡ ಮರಗಳಿವೆ, ನೆರಳು ಚೆನ್ನಾಗಿದೆ. ಆದರೂ ಏಪ್ರಿಲ್ ಮಧ್ಯಾಹ್ನ ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ನಡೆಸಬೇಡಿ. ಇನ್ನೊಮ್ಮೆ ಹೋಗುವಾಗ ಬೆಳಗಿನ ಜಾವ ನಾಲ್ಕೂವರೆ, ಐದಕ್ಕೇ ಗುಬ್ಬಿ ಬಿಡಿ. ಬಾಗಿಲು ತೆಗೆಯೋದು ಎಂಟೂವರೆಗೆ. ಮೊದಲು ಹುಲಿ, ಸಿಂಹ, ಚಿರತೆ ನೋಡಿ ಮುಗಿಸಿ. ಬಿಸಿಲು ಏರಿದ ಮೇಲೆ ನೀರಾನೆ, ಮೊಸಳೆ. ಭಾವನವರನ್ನು ಬಿಟ್ಟು ಹೋಗಬೇಡಿ, ಅಷ್ಟು ಉತ್ಸಾಹ ಇರುವವರು ಜೊತೆಗಿರಬೇಕು. ಟವೆಲ್ ಅವರ ತಲೆಯ ಮೇಲಿರಲಿ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ಅಲ್ಲಿ ರಜೆ.