ಕಲ್ಲು ಮಾತಾಡುವವರೆಗೆ ಓದಿ

ಪ್ರಿಯ ಓದುಗರೇ,

ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ ಆರು ತಿಂಗಳಿಂದ ನಿಮ್ಮ ಮೇಜಿನ ಮೇಲೆ ಕೂತಿದೆ. ಹೊಗಳಿಕೆ ಕೇಳಿದರೆ ಓದೋಣ ಅನ್ನಿಸುತ್ತದೆ, ದಪ್ಪ ನೋಡಿದರೆ ಕೈ ಹಿಂದೆ ಬರುತ್ತದೆ ಎಂದು ಬರೆದಿದ್ದೀರಿ. ‘ಅಷ್ಟು ಹೊತ್ತು ಕೊಟ್ಟರೆ ದಂಡ ಆಗಲ್ಲ ತಾನೇ?’ ಅಂತ ಕೇಳಿದ್ದೀರಿ.

ಆಗಬಹುದು. 2004ರಲ್ಲಿ ಬಂದ ಈ ಕಾದಂಬರಿಗೆ ಮರುವರ್ಷವೇ, ವೈಜ್ಞಾನಿಕ ಮತ್ತು ಅದ್ಭುತ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಸಿಕ್ಕಿತು. ನಿಜ, ಆದರೆ ಪ್ರಶಸ್ತಿ ಕೊಟ್ಟವರು ಬಂದು ನಿಮ್ಮ ಪಕ್ಕ ಕೂತು ಪುಟ ತಿರುಗಿಸಲ್ಲ. ಪುಟಗಳ ಲೆಕ್ಕವೂ ಬೇಡ. ದೊಡ್ಡ ಆಕಾರದಲ್ಲಿ ಸುಮಾರು 800, ಸಣ್ಣ ಆಕಾರದಲ್ಲಿ 1,000. ಹಿಡಿಸಿದರೆ ಅದೂ ಕಮ್ಮಿಯೇ, ಹಿಡಿಸದಿದ್ದರೆ 80 ಪುಟವೂ ಜಾಸ್ತಿ.

ನೀವು ನೋಡಿಕೊಳ್ಳಬೇಕಾದ್ದು ಒಂದೇ: ಮುಖ ಗಂಟಿಕ್ಕಿಕೊಂಡು ಹೇಳುವ ತಮಾಷೆ ನಿಮಗೆ ಸೇರುತ್ತದಾ? ಕತೆ ಶುರುವಾಗುವುದು 1806ರಲ್ಲಿ, ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಅಲ್ಲೊಂದು ಮಾಂತ್ರಿಕರ ಸಂಘ. ತಿಂಗಳಿಗೊಮ್ಮೆ ಸೇರಿ ಮಂತ್ರವಿದ್ಯೆಯ ಇತಿಹಾಸದ ಬಗ್ಗೆ ಉದ್ದುದ್ದ ಪ್ರಬಂಧ ಓದುತ್ತಾರೆ. ಒಬ್ಬನಿಗೂ ಒಂದು ಎಲೆ ಅಲ್ಲಾಡಿಸಲು ಬರಲ್ಲ. ಹೊಸದಾಗಿ ಬಂದವನೊಬ್ಬ ‘ಈಗ ಯಾರೂ ಮಾಟ ಮಾಡುವುದಿಲ್ಲ, ಯಾಕೆ?’ ಅಂದರೆ, ಏನೋ ಹೊಲಸು ಮಾತು ಕೇಳಿದವರ ಹಾಗೆ ಮುಖ ಮಾಡುತ್ತಾರೆ. ಇಲ್ಲಿ ನಗು ಬಂತೋ, ನೀವು ಅರ್ಧ ಗೆದ್ದಿರಿ.

ಆಮೇಲೆ ಮೂರನೇ ಅಧ್ಯಾಯ. ನಿಜವಾಗಿ ಮಂತ್ರ ಬಲ್ಲ ನೊರೆಲ್, ಊರಿನ ದೊಡ್ಡ ಚರ್ಚಿನ ಕಲ್ಲಿನ ಮೂರ್ತಿಗಳನ್ನೆಲ್ಲ ಮಾತಾಡಿಸುತ್ತಾನೆ. ಆ ಗದ್ದಲದಲ್ಲಿ ಒಂದು ಪುಟ್ಟ ಮೂರ್ತಿ ಕೂಗುತ್ತದೆ. ಐನೂರು ವರ್ಷದ ಹಿಂದೆ ಅಲ್ಲೇ ಒಬ್ಬಳು ಹುಡುಗಿಯ ಕೊಲೆ ಆಗಿತ್ತಂತೆ. ನೋಡಿದ್ದು ಕಲ್ಲುಗಳು ಮಾತ್ರ. ಇಷ್ಟು ದಿನ ಹೇಳಲು ಅದಕ್ಕೆ ಬಾಯಿ ಇರಲಿಲ್ಲ, ಅಷ್ಟೇ. ಇಷ್ಟು ಹೇಳಿದರೆ ರಸಭಂಗವೇನೂ ಆಗಲ್ಲ, ಬಿಡಿ.

ಮುಂದೆ ಎರಡು ಕಡೆ ಕಾಲು ಎಡವುತ್ತದೆ. ಹೆಸರಿನಲ್ಲಿ ಮೊದಲು ಬರುವ ಸ್ಟ್ರೇಂಜ್ ಕತೆಗೆ ಬರುವುದು ತಡವಾಗಿ. ಅಲ್ಲಿಯವರೆಗೆ ಪುಸ್ತಕಗಳನ್ನು ಬಚ್ಚಿಟ್ಟುಕೊಳ್ಳುವ ಜಿಪುಣ ನೊರೆಲ್‌ನನ್ನು ಸಹಿಸಬೇಕು. ಇನ್ನೊಂದು, ಅಡಿಟಿಪ್ಪಣಿ. ಕೆಲವು ಪುಟಗಟ್ಟಲೆ ಹರಿಯುತ್ತವೆ. ಇಲ್ಲದ ಪುಸ್ತಕಗಳ ಇಲ್ಲದ ಉಲ್ಲೇಖಗಳು. ಮೊದಲ ಸಲ ಅವನ್ನೆಲ್ಲ ಹಾರಿಸಿಕೊಂಡು ಓದಿದೆ, ಸುಸ್ತಾಗಿ ಪುಸ್ತಕವನ್ನೇ ಬಿಟ್ಟೆ. ವರ್ಷಗಳ ಮೇಲೆ ಟಿಪ್ಪಣಿ ಸಮೇತ ಕೂತಾಗಲೇ ಗೊತ್ತಾಗಿದ್ದು, ಒಳ್ಳೊಳ್ಳೆ ಕತೆಗಳೆಲ್ಲ ಕೆಳಗೇ ಅಡಗಿವೆ ಅಂತ. ಇಂಗ್ಲಿಷಿನ ಕಾಗುಣಿತವೂ ಅಲ್ಲಲ್ಲಿ ಹಳೇ ಕಾಲದ್ದು. ಹತ್ತು ಪುಟಕ್ಕೆ ಕಣ್ಣು ಒಗ್ಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಯುದ್ಧದ ಭಾಗ. ನೆಪೋಲಿಯನ್ ಸೇನೆಯ ವಿರುದ್ಧ ಬ್ರಿಟಿಷ್ ಸೇನಾಧಿಪತಿ ವೆಲಿಂಗ್ಟನ್‌ಗೆ ಸಹಾಯ ಮಾಡಲು ಸ್ಟ್ರೇಂಜ್ ಪೋರ್ಚುಗಲ್‌ಗೆ ಹೋಗುತ್ತಾನೆ. ಬೆಂಕಿ ಮಳೆ ಗಿಳೆ ಏನೂ ಇಲ್ಲ, ಸೇನಾಧಿಪತಿಗೆ ಬೇಕಾದ್ದು ಒಳ್ಳೆ ರಸ್ತೆ! ಮಂತ್ರವಾದಿ ಗುತ್ತಿಗೆದಾರನ ಹಾಗೆ ರಸ್ತೆ ಹಾಕುತ್ತಾ ಕೂರುತ್ತಾನೆ.

2015ರಲ್ಲಿ ಬಿಬಿಸಿ ಇದನ್ನು ಏಳು ಕಂತಿನ ಧಾರಾವಾಹಿ ಮಾಡಿದೆ. ಮೊದಲು ಅದನ್ನು ನೋಡಬೇಡಿ, ಟಿಪ್ಪಣಿಗಳ ಮಜಾ ತೆರೆಯ ಮೇಲೆ ಸಿಗಲ್ಲ.

ಕಲ್ಲು ಮಾತಾಡಿದ ಮೇಲೂ ಆಕಳಿಕೆ ಬಂದರೆ ಮುಚ್ಚಿಟ್ಟು ಬೇರೆಯವರಿಗೆ ಕೊಟ್ಟುಬಿಡಿ, ಬೇಜಾರು ಬೇಡ. ನಾನು ಎರಡನೇ ಸಲ ಓದಿದ್ದೂ ಯಾರೋ ಅರ್ಧಕ್ಕೆ ಬಿಟ್ಟ ಪ್ರತಿಯನ್ನೇ. ಅವರು ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಇನ್ನೂ ಅದೇ ಪುಟದಲ್ಲಿದೆ.

– ಸಂಪಾದಕ