ಹೆಣ್ಣು ಪೋಪ್ ಲೇಖನ ಹೀಗೇ ಹಾಕ್ಲಿಕ್ಕೆ ಆಗುದಿಲ್ಲ ಟೀಚರ್

ನಮಸ್ಕಾರ ಟೀಚರ್,

ನೀವು ಬದಿಯಡ್ಕದಿಂದ ಕಳಿಸಿದ "ಚರ್ಚು ಮುಚ್ಚಿಟ್ಟ ಮಹಿಳಾ ಪೋಪ್" ಓದಿದೆ. ಬೇಜಾರು ಮಾಡ್ಬೇಡಿ, ನೇರ ಹೇಳ್ತೇನೆ, ವಿಶೇಷಾಂಕಕ್ಕೆ ಇದು ಹೀಗೇ ಆಗುದಿಲ್ಲ. ಭಾಷೆ ಚಂದ ಉಂಟು, ಓದಿಸ್ಕೊಂಡು ಹೋಗ್ತದೆ. ಆದ್ರೆ ಶುರುವಿಂದ ಕೊನೆವರೆಗೆ ಜೋನ್ ಅನ್ನುವವಳು ನಿಜವಾಗಿ ಪೋಪ್ ಆಗಿದ್ದಳು, ರೋಮಿನವರು ಹೆಸರು ಅಳಿಸಿದ್ರು ಅಂತ ಒಂದೇ ಹಠ, ಆಧಾರ ಎಂತದೂ ಇಲ್ಲ.

855ರಲ್ಲಿ ಪೋಪ್ ನಾಲ್ಕನೇ ಲಿಯೋ ತೀರಿಹೋದ ಮೇಲೆ ಎರಡು ವರ್ಷ ಏಳು ತಿಂಗಳು ನಾಲ್ಕು ದಿನ ಆಳಿದಳು ಅಂತ ಬರ್ದಿದ್ದೀರಿ. ಈ ಲೆಕ್ಕ ಕೊಟ್ಟದ್ದು ಮಾರ್ಟಿನ್ ಅಂತ ಒಬ್ಬ ಡೊಮಿನಿಕನ್ ಸನ್ಯಾಸಿ, ಅದೂ ನಾನೂರು ವರ್ಷ ಕಳೆದ ಮೇಲೆ, 13ನೇ ಶತಮಾನದಲ್ಲಿ. ಅವನಿಗಿಂತ ಸ್ವಲ್ಪ ಮೊದ್ಲು ಅದೇ ಪಂಗಡದ ಜಾನ್ ದ ಮೈಯಿ ಬರೆದ ಕಥೆಯಲ್ಲಿ ಅವಳಿಗೆ ಹೆಸರೇ ಇಲ್ಲ, ಕಾಲ 1099ರ ಆಸುಪಾಸು, ಕುದುರೆ ಹತ್ತುವಾಗ ಹೆರಿಗೆ. ಮಾರ್ಟಿನ್ ಕೈಗೆ ಬರುವಾಗ ಮೈನ್ಜ್ ಅಂತ ಊರು ಬಂತು, ಪ್ರಿಯಕರ ಬಂದ, ಗಂಡಸಿನ ವೇಷದಲ್ಲಿ ಅಥೆನ್ಸಿಗೆ ಹೋಗಿ ಓದಿದ್ದು ಬಂತು, ಕೊಲೊಸಿಯಂ ಹತ್ರದ ಓಣಿಯಲ್ಲಿ ಮೆರವಣಿಗೆ ಮಧ್ಯೆ ಹೆರಿಗೆ ಆಯ್ತು. ತಾಳಮದ್ದಳೆಯಲ್ಲಿ ಅದೇ ಪದ್ಯಕ್ಕೆ ಒಬ್ಬೊಬ್ಬ ಅರ್ಥಧಾರಿ ಒಂದೊಂದು ಅರ್ಥ ಹೇಳಿದ ಹಾಗೆ, ಕುಂಬಳೆ ಸೀಮೆಯವರಿಗೆ ಇದನ್ನು ನಾನು ಬಿಡಿಸಿ ಹೇಳ್ಬೇಕಾ? ಮತ್ತೆ, ಲಿಯೋ ನಂತರ ಪೋಪ್ ಆದ ಮೂರನೇ ಬೆನೆಡಿಕ್ಟ್ ಹೆಸರೂ ಚಕ್ರವರ್ತಿ ಲೋಥೇರ್ ಹೆಸರೂ ಒಟ್ಟಿಗೆ ಇರುವ ನಾಣ್ಯ ಸಿಕ್ಕಿದೆ. ಲೋಥೇರ್ ಸತ್ತದ್ದು 855ರ ಸೆಪ್ಟೆಂಬರಲ್ಲಿ. ನಡುವೆ ಎರಡೂವರೆ ವರ್ಷ ಎಲ್ಲಿ ತುರುಕ್ತೀರಿ ನೀವು?

"ಮುಚ್ಚಿಟ್ಟ" ಅನ್ನುದೂ ಸರಿ ಬರುದಿಲ್ಲ. ಕಥೆ ಬರೆದು ಹಬ್ಬಿಸಿದ್ದೇ ಚರ್ಚಿನ ಸನ್ಯಾಸಿಗಳು, ಸಿಯೆನಾದ ದೊಡ್ಡ ಚರ್ಚಿನಲ್ಲಿ ಪೋಪರ ಸಾಲಲ್ಲಿ ಅವಳ ಮೂರ್ತಿಯೂ 1600ರ ಹೊತ್ತಿನವರೆಗೆ ಇತ್ತು. ಪ್ರಾಟೆಸ್ಟಂಟರು ರೋಮನ್ನು ಹಂಗಿಸ್ಲಿಕ್ಕೆ ಈ ಕಥೆಯನ್ನೇ ಎತ್ತಿಕೊಂಡ ಮೇಲೆ ಚರ್ಚಿಗೆ ಅದು ಬಿಸಿತುಪ್ಪ ಆಯ್ತು. ಮಜಾ ಎಂತದು ಅಂದ್ರೆ 1647ರಲ್ಲಿ ಕೂತು ಇದು ಕಟ್ಟುಕಥೆ ಅಂತ ತೋರಿಸಿಕೊಟ್ಟ ಡೇವಿಡ್ ಬ್ಲೋಂಡೆಲ್ ಸ್ವತಃ ಪ್ರಾಟೆಸ್ಟಂಟ್! ಈ ಕಥೆ ಯಾರಿಗೆ ಯಾವಾಗ ಬೇಕಾಯ್ತು, ಯಾರಿಗೆ ಬೇಡವಾಯ್ತು, ಅದನ್ನು ಬರೀರಿ, ನಾನು ಕಣ್ಣು ಮುಚ್ಚಿ ಹಾಕ್ತೇನೆ.

ತೂತಿನ ಕುರ್ಚಿಯ ಎರಡು ಪ್ಯಾರಾ ತೆಗೀರಿ. ಕುರ್ಚಿ ನಿಜ, ಹೊಸ ಪೋಪನ್ನು ಅದ್ರಲ್ಲಿ ಕೂರಿಸಿ ಗಂಡಸು ಹೌದಾ ಅಂತ ಪರೀಕ್ಷೆ ಮಾಡ್ತಿದ್ರು ಅನ್ನುದು ವಾಟ್ಸಾಪ್ ಸರಕು.

ನಿಜವಾಗಿ ಇದ್ದ ಹೆಂಗಸೇ ಬೇಕಾದ್ರೆ ಮಿಲಾನಿನ ಮೈಫ್ರೆದಾ ಉಂಟಲ್ಲ. ಗುಲ್ಯೆಲ್ಮಾ ಅನ್ನುವವಳನ್ನು ಪವಿತ್ರಾತ್ಮವೇ ಹೆಣ್ಣಾಗಿ ಬಂದದ್ದು ಅಂತ ನಂಬಿದ ಗುಂಪು, ಅದರಲ್ಲಿ ಮೈಫ್ರೆದಾಳೇ ಮುಂದೆ ಪೋಪ್ ಆಗುವವಳು ಅಂತ ಎಣಿಸಿದ್ರು, 1300ರ ಈಸ್ಟರಿಗೆ ಅವಳು ಪಾದ್ರಿಯ ಹಾಗೆ ಪೂಜೆಯನ್ನೂ ಮಾಡಿದಳು. ಅದೇ ವರ್ಷ ಸುಟ್ಟು ಕೊಂದ್ರು. ಗುಲ್ಯೆಲ್ಮಾಳ ಎಲುಬನ್ನೂ ಗೋರಿಯಿಂದ ತೆಗೆದು ಸುಟ್ರು. ವಿಚಾರಣೆಯ ಕಡತ ಇವತ್ತಿಗೂ ಉಂಟು. ಇಂಥದ್ದನ್ನು ಬಿಟ್ಟು ಜೋನ್ ಹಿಂದೆ ಹೋದದ್ದು ಯಾಕೆ ಅಂತ ನನಗೆ ಅರ್ಥ ಆಗ್ಲಿಲ್ಲ.

ಕೊನೆಗೆ ಅಕ್ಕಮಹಾದೇವಿಯನ್ನು ನಾಲ್ಕು ಸಾಲಲ್ಲಿ ಅಂಟಿಸಿದ್ದೀರಿ, "ನಮ್ಮಲ್ಲೂ ಇದ್ದರು" ಅಂತ. ಹಾಗೆ ಸೇರಿಸುದಾದ್ರೆ ಬೇಡವೇ ಬೇಡ. ಹರಿಹರನ ರಗಳೆಯಲ್ಲಿ ಕೌಶಿಕನ ಜೊತೆ ಮದುವೆ ಆಗ್ತದೆ, ಚಾಮರಸನಲ್ಲಿ ಆಗುದೇ ಇಲ್ಲ. ಭಕ್ತರಿಗೆ ಆ ಮದುವೆ ಯಾಕೆ ಮುಜುಗರ ಆಯ್ತು ಅಂತ ಕೇಳಿದ್ರೆ ಅಲ್ಲೊಂದು ಲೇಖನವೇ ಉಂಟು, ಜೋನ್ ಕಥೆ ಪಕ್ಕ ಇಟ್ರೆ ಇನ್ನೂ ಚಂದ.

ಪುನಃ ಕಳಿಸುವಾಗ ಸಾವಿರದೈನೂರು ಪದದ ಒಳಗೆ ಇರ್ಲಿ, ನುಡಿ ಫಾಂಟ್ ಬೇಡ ಯೂನಿಕೋಡಲ್ಲೇ ಕಳಿಸಿ, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗ್ತದೆ ನಮ್ಮಲ್ಲಿ.